ಹೆಲ್ಮೆಟ್ ಅಕ್ಕ
ಬೆಳಕು ಹರಿಯುವುದರೊಳಗೆ ನೀರು ತುಂಬಿಸಿ, ಪಾತ್ರೆ ಬೆಳಗಿ, ಗಂಡನ ಅಂಗಿಗೆ ಇಸ್ತ್ರಿ ಮಾಡಿ, ಅಡುಗೆಮನೆಯ ಕಿಟಕಿ ತೆರೆದು, ಮುಖ ಆಚೆ ತಿರುಗಿಸಿ ಒಲೆ ಹಚ್ಚುವವಳು, ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಬಾಗಿಲಲ್ಲಿ ಸುರಕ್ಷತಾ ಅಧಿಕಾರಿಯಾಗಿ ನಿಂತಿರುತ್ತಾಳೆ. ಎಲ್ಲರಿಗೂ ಅವಳು ಹೆಲ್ಮೆಟ್ ಅಕ್ಕ. ಬೈಯುವುದು ಅವಳ ಜಾಯಮಾನವಲ್ಲ. ಬರಿತಲೆಯವನು ಕಂಡರೆ, "ಯಾಕಪ್ಪಾ, ತಲೆ ಮನೇಲೇ ಬಿಟ್ಟು ಬಂದ್ಯಾ? ಹಾಗಾದ್ರೆ ಹೆಲ್ಮೆಟ್ ಬೇಡ ಬಿಡು" ಎನ್ನುತ್ತಾಳೆ. ಮದುವೆ ಗೊತ್ತಾದವನು ಕೈಗವಸು ಮರೆತರೆ, "ಉಂಗುರಕ್ಕೆ ಅಂತ ಒಂದು ಬೆರಳಾದ್ರೂ ಉಳಿಸ್ಕೊಳ್ಳೋ!" ಸುತ್ತಲಿನವರು ಬಿದ್ದು ಬಿದ್ದು ನಗುತ್ತಾರೆ, ಅವನು ನಾಚಿಕೊಂಡು ಕೈಗವಸು ಏರಿಸುತ್ತಾನೆ. ಕೆಟ್ಟ ಯಂತ್ರಕ್ಕೆ ಅವಳು 'ಹುಷಾರಿಲ್ಲ, ಮಲಗಿದ್ದೇನೆ, ಎಬ್ಬಿಸಬೇಡಿ' ಎಂಬ ಕೆಂಪು ಚೀಟಿ ಕಟ್ಟಿದಳೆಂದರೆ, ರಿಪೇರಿಯಾಗುವವರೆಗೆ ಮಾಲೀಕರೂ ಅದನ್ನು ಮುಟ್ಟುವಂತಿಲ್ಲ. ಆದರೆ ಅವಳ ಎಡ ಹುಬ್ಬು ಪೆನ್ಸಿಲ್‌ನಲ್ಲಿ ಬರೆದದ್ದೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗ್ಯಾಸ್ ಸೋರುವ ಮನೆಯ ಒಲೆ ಅದನ್ನು ಸುಟ್ಟ ದಿನವೂ ಗಂಡ, "ನಾಳೆ ನೋಡೋಣ ಬಿಡೇ, ಈಗ ಟೀ ಕೊಡು" ಎಂದಿದ್ದ. ಅವಳೂ ನಕ್ಕು ಟೀ ಕೊಟ್ಟಿದ್ದಳು. ಇವತ್ತು ಬೆಳಗಿನ ಜಾವ ಮತ್ತೆ ಅದೇ ವಾಸನೆ. ಬೆಂಕಿಪೊಟ್ಟಣ ಕೈಗೆತ್ತಿಕೊಂಡವಳು ಅದನ್ನು ಕೆಳಗಿಟ್ಟಳು, ಸಿಲಿಂಡರ್ ಬಂದ್ ಮಾಡಿದಳು, ಚೀಲದಿಂದ ಕೆಂಪು ಚೀಟಿ ತೆಗೆದು ಒಲೆಗೆ ಕಟ್ಟಿದಳು, ಹೋಗಿ ಮತ್ತೆ ಹೊದ್ದು ಮಲಗಿದಳು.