ಕುದಿಸಿ ಆರಿಸಿದ ನೀರು

“ಏ ಮಾಲಿನಿ, ಬಿಂದಿಗೆ ಬಿಂದಿಗೆ ತಾಗುಸ್ಬೇಡ ಕಣೇ, ದೂರ ಇಡು. ವಾಂತಿಭೇದಿ ನಿಂತೈತೆ, ಸಂತೆ ಮಾಡ್ರಪ್ಪ, ಹೋಟ್ಲು ತೆಗೀರಪ್ಪ ಅಂತ ಮುನ್ಸಿಪಾಲ್ಟಿಯೋರು ಆಟೋಗೆ ಮೈಕ್ ಕಟ್ಕೊಂಡು ಕೂಗಿದ್ರು. ಅವ್ರಿಗೇನು, ಕೂಗಿ ಮನೆಗೋದ್ರು. ಇಲ್ಲಿ ಹನ್ನೆರಡು ಮನೆಗೆ ಒಂದೇ ನಲ್ಲಿ, ಎರಡು ಕಕ್ಕಸು. ಆ ಮನೇಲಿ ಸೀನಿದ್ರೆ ಈ ಮನೇಲಿ ಮುಖ ಒರೆಸ್ಕೋಬೇಕು. ನೀರು ಕಾಯ್ಸಿದ್ಯೇನೇ?” ಅರಸೀಕೆರೆಯ ನಮ್ಮ ವಠಾರದಲ್ಲಿ ಚಲುವಮ್ಮನಿಗೆ ಬೆಳಗಾಗುವುದೇ ಹೀಗೆ. ಸಂತೆ ಮತ್ತೆ ಸೇರಿ ತಿಂಗಳಾಯಿತು, ಇವಳ ಕಟ್ಟುಪಾಡು ಮಾತ್ರ ಸಡಿಲವಾಗಿಲ್ಲ. ಸ್ಟೌ ಮೇಲೆ ನೀರಿದೆಯೇ ಎಂದು ಮನೆಮನೆಗೂ ಇಣುಕುತ್ತಾಳೆ. ಪಕ್ಕದ ಗಂಡಸಿ ಊರಿಂದ ಬಂದ ನೆಂಟರನ್ನೂ ಕೈ ತೊಳೆಸದೆ ಹೊಸಿಲು ದಾಟಿಸುವುದಿಲ್ಲ. “ಏನಮ್ಮೋ, ನಿಂಗೂ ಸರ್ಕಾರಿ ಸಂಬ್ಳ ಬತ್ತೈತಾ?” ಎಂದು ಗಂಡಸರು ನಗುತ್ತಾರೆ. ಮೊನ್ನೆ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು: “ಅಕ್ಕಾ, ವಾಂತಿಭೇದಿ ಹಬ್ಬಿದಾಗ ನಾನೂ ಅವತ್ತು ನೀರು ಕಾಯ್ಸಿದ್ದೆ. ಮೊಮ್ಮಗ ಬಾಯಾರಿ ಅಳ್ತಿದ್ದ. ಬಿಸಿ ನೀರು ಬಾಯಿ ಸುಡ್ತೈತೆ ಅಂತ ನಲ್ಲಿ ನೀರು ಬೆರೆಸ್ಬಿಟ್ಟೆ.” ಆ ಮಗು ಎರಡು ದಿನವೂ ಉಳಿಯಲಿಲ್ಲ. ಈಗ ಪಕ್ಕದ ಮನೆ ಮಾಲಿನಿಯ ಕೂಸು ನೀರು ಬೇಕೆಂದು ಚೀರುತ್ತಿದೆ. ಚಲುವಮ್ಮ ಅವಸರಪಡದೆ, ಕುದಿದ ನೀರನ್ನು ಲೋಟದಿಂದ ಲೋಟಕ್ಕೆ ಹುಯ್ಯುತ್ತಾ ಆರಿಸುತ್ತಿದ್ದಾಳೆ.