ಬೆಳ್ಳಿ ಮೊರದ ವಯಸ್ಸು

ಶ್ರೀರಂಗಪಟ್ಟಣದಲ್ಲಿ ಬೆಳಗ್ಗೆ ಏಳಕ್ಕೆ ಪಾಂಡವಪುರದ ಬಸ್ಸು ಹತ್ತಿದೆ. ನನ್ನದು ಪತ್ತೇದಾರನ ಕೆಲಸ, ಕಳಿಸಿದವಳು ನಮ್ಮವ್ವ. ಆರೋಪಿ ಅವಳ ಸ್ವಂತ ಅಕ್ಕ, ನನ್ನ ದೊಡ್ಡವ್ವ. ಕೇಸಿನ ಮಾಲು ಐದು ಬೆಳ್ಳಿ ಆಟಿಕೆ: ಒರಳು, ಒನಕೆ, ಬೀಸೋಕಲ್ಲು, ಬಿಂದಿಗೆ, ಮೊರ. ಒಂದೊಂದೂ ಅಡಿಕೆ ಗಾತ್ರ. ಯಾವುದರ ಮೇಲೂ ಮುದ್ರೆಯಿಲ್ಲ, ಅಕ್ಷರವಿಲ್ಲ. ನಮ್ಮಜ್ಜಿ ಸಾಯುವವರೆಗೂ 'ಅರಮನೆಯಿಂದ ಬಂದವು' ಅನ್ನುತ್ತಿದ್ದಳು. ಆರು ವರ್ಷದ ಹಿಂದೆ ಅವು ದೊಡ್ಡವ್ವನ ಮನೆಯಲ್ಲಿ ಫಳಫಳ ಹೊಳೆಯುವುದನ್ನು ಕಂಡ ಅವ್ವ, 'ಹಳೇವ ಮಾರ್ಕಂಡು ಹೊಸವ ಇಟ್ಟವ್ಳೆ' ಎಂದುಬಿಟ್ಟಳು. ಅವತ್ತಿಂದ ಅಕ್ಕತಂಗಿಗೆ ಮಾತಿಲ್ಲ. ಮುಂದಿನ ವಾರ ದೊಡ್ಡವ್ವನ ಮಗಳ ಮದುವೆ. ಆಟಿಕೆ ಹಳೆಯವೇ ಅಂತ ಗೊತ್ತಾಗುವ ತನಕ ಚಪ್ಪರಕ್ಕೆ ಕಾಲಿಡುವುದಿಲ್ಲ ಅನ್ನುವುದು ಅವ್ವನ ಹಟ.

ನಾನು ಊರಿನವರ ದನಿಯನ್ನೆಲ್ಲ ಅಣಕ ಮಾಡುವವನು. ನನ್ನ ಸ್ವಂತ ದನಿ ಯಾವುದು ಅಂತ ನನಗೇ ಗುಮಾನಿ. ಪಾಂಡವಪುರದಲ್ಲಿ ದೊಡ್ಡವ್ವನ ಬಾಗಿಲಲ್ಲಿ ನಿಂತು ವಕೀಲರ ದನಿಯಲ್ಲಿ ವಿಷಯ ಮಂಡಿಸಿದೆ. ಅವಳು ರಾಗಿರೊಟ್ಟಿ ಕೊಟ್ಟಳು, ಆಟಿಕೆ ಕೊಡಲಿಲ್ಲ.

'ನಿನ್ ಕೈಗೆ ಕೊಟ್ರೆ ಸಂಜೆಗೆ ಐದು ನಾಕಾಯ್ತವೆ. ನಾನೂ ಬತ್ತೀನಿ ಕಣ್ಲಾ.'

ಬೆಳ್ಳಿ ಪರೀಕ್ಷೆಯ ಮಿಶನ್ನಿದ್ದ ಅಂಗಡಿ ಕೆ.ಆರ್. ಪೇಟೆಯಲ್ಲಿ, ಗಂಟೆಯ ಮೇಲಿನ ದಾರಿ. ಹೆಂಗಸರಿಗೆ ಬಸ್ಸು ಬಿಟ್ಟಿಯಾದ್ದರಿಂದ ಆರೋಪಿಗೆ ಕಾಸಿಲ್ಲ, ಪತ್ತೇದಾರನಿಗೆ ಮಾತ್ರ ಟಿಕೆಟ್ಟು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದರೆ ದೊಡ್ಡವ್ವ ಎಲೆಅಡಿಕೆ ಚೀಲದೊಳಗೆ ಬೆರಳಾಡಿಸಿ ಐದೂ ಇವೆಯಾ ನೋಡುತ್ತಿದ್ದಳು. ನಾನು ಚೀಲ ನೋಡಿದರೂ ಅವಳಿಗೆ ಅನುಮಾನ, ಕಿಟಕಿ ನೋಡಿದರೂ ಅನುಮಾನ.

ಪೇಟೆಯ ಬೆಳ್ಳಿ ಅಂಗಡಿಯವರು ಒರಳನ್ನು ಮಿಶನ್ನಿನೊಳಗಿಟ್ಟು, 'ಟಿಪ್ಪು ಕಾಲದ್ದು, ಡೌಟೇ ಇಲ್ಲ' ಎಂದರು.

'ಮಾರುದ್ರೆ ಎಷ್ಟು ಕೊಟ್ಟೀರಿ?' ದೊಡ್ಡವ್ವ ಕೇಳಿದಳು.

ಅವರು ಇನ್ನೊಮ್ಮೆ ನೋಡಿದರು. 'ಮಾರೋದಾ? ಇವು ಈಚಿನವು ಕಣಮ್ಮ. ಇಪ್ಪತ್ತು ವರ್ಷ ಆಗಿರಬೋದು.'

ಟಿಪ್ಪು ಕಾಲದಿಂದ ನನ್ನ ಕಾಲಕ್ಕೆ ಬರಲು ಒರಳಿಗೆ ಅರ್ಧ ನಿಮಿಷ ಸಾಕಾಯಿತು. ಮಿಶನ್ನು ಬೆಳ್ಳಿ ಎಷ್ಟಿದೆ ಅಂತಷ್ಟೇ ಹೇಳುತ್ತದಂತೆ, ವಯಸ್ಸು ಹೇಳುವುದಿಲ್ಲವಂತೆ. ಇದನ್ನು ಹೇಳಿದವರು ಅಲ್ಲೇ ಮೂಲೆಯಲ್ಲಿ ಗೆಜ್ಜೆ ಪೋಣಿಸುತ್ತಿದ್ದ ಹಿರಿಯರು. 'ನಾಗಮಂಗಲದ ಆಚಾರ್ರಿಗೆ ತೋರ್ಸಿ' ಅಂತ ವಿಳಾಸವನ್ನೂ ಪಿಸುಗುಟ್ಟಿದರು. ಅವರಿಗೇನು ಲಾಭ ಅಂತ ದೊಡ್ಡವ್ವ ದಾರಿಯುದ್ದಕ್ಕೂ ಯೋಚಿಸಿದಳು.

ನಾಗಮಂಗಲ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಎಪ್ಪತ್ತು ದಾಟಿದ ಆಚಾರ್ರು ಹೊಳಪಿನ ಕಡೆ ನೋಡಲೇ ಇಲ್ಲ. ಮೊರವನ್ನು ಮಗುಚಿ ಕಣ್ಣಿಗೆ ಭೂತಗಾಜು ಹಿಡಿದರು.

'ಏನಾಕಿ ಉಜ್ತೀರವ್ವ?'

'ವಿಭೂತಿ. ವಾರವಾರ.'

'ಅದಕ್ಕೇ ಹೊಸದರಂಗೆ ಕಾಣ್ತವೆ. ಬೆಸುಗೆ ನೋಡಿ, ಹಳದಿಗೆ ತಿರುಗೈತೆ. ಹಿತ್ತಾಳೆ ಬೆರೆಸಿ ಹಾಕಿದ್ದು. ಈಗ ಯಾರೂ ಅಂಗೆ ಹಾಕಲ್ಲ.' ಐದನ್ನೂ ಒಂದೊಂದಾಗಿ ಮಗುಚಿದರು. 'ಅರ ಉಜ್ಜಿದ ಗೆರೆ ಎಲ್ಲದರಲ್ಲೂ ಎಡಕ್ಕೆ ಓರೆ. ಇದು ಎಡಗೈ ಕೆಲಸ. ನಮ್ಮಪ್ಪಂದು.'

ಒಳಗಿಂದ, ಅಪ್ಪ ಮಾಡಿಕೊಟ್ಟಿದ್ದ ತಾಯಿಯ ಕುಂಕುಮದ ಭರಣಿ ತಂದು ಪಕ್ಕಕ್ಕಿಟ್ಟರು. ಅದೇ ಓರೆ. ಅಪ್ಪ ಅರ ಕೆಳಗಿಟ್ಟು ಮೂವತ್ತೈದು ವರ್ಷ ಆಯಿತಂತೆ.

ದೊಡ್ಡವ್ವ ಆರೋಪದಿಂದ ಪಾರಾದಳು, ಅರಮನೆ ಬಿದ್ದುಹೋಯಿತು.

'ಬೆಳ್ಳೀಲಿ ಬೆರಕೆ ಜಾಸ್ತಿ. ಹಳೇ ಕಾಲ್ಗಡಗ ಕರಗಿಸಿರಬೇಕು' ಎಂದರು ಆಚಾರ್ರು.

ದೊಡ್ಡವ್ವ ಗೋಡೆಗೊರಗಿದಳು. 'ನಿಮ್ಮಜ್ಜಿ ತನ್ ಕಾಲ್ಗಡಗ ಹೊಳೇಲಿ ಬಿದ್ದೋಯ್ತು ಅಂದಿದ್ಲು. ಅಪ್ಪ ಮೂರು ದಿನ ಮುಳುಗಿ ಹುಡುಕ್ದ. ಅದಾದ್ ತಿಂಗಳಿಗೇ ನಮಗಿಬ್ರಿಗೂ ಅರಮನೆ ಆಟಿಕೆ ಬಂತು.'

ನಾನು ಅವ್ವನಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ. ಅವ್ವ ಅಂದದ್ದು ಇಷ್ಟೇ: 'ಅವಳಿಗೆ ಕೊಡು.' ಸ್ಪೀಕರ್ ಹಾಕಿ ಕೊಟ್ಟೆ.

'ನಾನು ಕಣಮ್ಮಿ' ಎಂದಳು ದೊಡ್ಡವ್ವ.

'ಲೇ ಮಂಜ, ಅವಳ್ ದನಿ ಮಾಡಿ ನನ್ನ ಯಾಮಾರಿಸ್ಬ್ಯಾಡ.'

'ನಾನೇ ಕಣೇ, ಮೂದೇವಿ. ಆರು ವರ್ಷ ನನ್ನ ಕಳ್ಳಿ ಮಾಡ್ದಲ್ಲ.'

ಬೈಗುಳ ಅಸಲಿ ಅನ್ನಿಸಿತೇನೋ, ಅವ್ವ ಮೂಗೆಳೆದುಕೊಳ್ಳುವುದು ನನಗೂ ಕೇಳಿಸಿತು. ಆಮೇಲೆ ಇಬ್ಬರೂ ಸೇರಿ ಸತ್ತ ಅಜ್ಜಿಯನ್ನು ವಿಚಾರಣೆಗೆ ಎಳೆದರು. ಅವಳು ಹೇಳಿದ್ದರಲ್ಲಿ ಇನ್ನು ಯಾವುದು ನಿಜ, ಯಾವುದು ಸುಳ್ಳು?

'ಚಪ್ಪರದ ದಿನಾನೇ ಬತ್ತೀನಿ' ಎಂದಳು ಅವ್ವ. 'ಅಕ್ಕ, ನಿನ್ ಮೂಗುಬಟ್ಟು ವಜ್ರದ್ದು ಅಂದಿದ್ಲಲ್ಲ ಅವ್ವ, ಎಂಗೂ ಅಲ್ಲೇ ಇದ್ದೀಯ, ಆಚಾರ್ರಿಗೆ ಅದನ್ನೂ ತೋರ್ಸ್ಬುಟ್ಟು ಬಾ.'

ಆಚಾರ್ರು ಭೂತಗಾಜು ಎತ್ತಿಕೊಂಡರು. ದೊಡ್ಡವ್ವ ಸೆರಗನ್ನು ಮೂಗಿಗೆ ಅಡ್ಡ ಹಿಡಿದು ಎದ್ದುಬಿಟ್ಟಳು.

'ಅದು ವಜ್ರವೇ ಇರ್ಲಿ ಬುಡಿ' ಎಂದವಳು, ಬಸ್‌ಸ್ಟ್ಯಾಂಡು ಬರುವ ತನಕ ಸೆರಗು ಇಳಿಸಲಿಲ್ಲ. ಆಟಿಕೆಯ ಚೀಲ ಮಾತ್ರ ಈಗ ನನ್ನ ಕೈಯಲ್ಲಿತ್ತು.