ನೀರು ಕುಡಿಯದ ಕಮಾನು

ಬೀದರದಿಂದ ಔರಾದ ಕಡೆ ಹೋಗುವ ರಸ್ತೆಯ ಆ ದೊಡ್ಡ ಚರ್ಚನ್ನು ಈಗ ಕೆಥೀಡ್ರಲ್ ಅನ್ನುತ್ತಾರೆ. ನೋಡಲು ಬಂದವರು ಮುಖ್ಯ ಬಾಗಿಲಿನ ಕಮಾನಿಗೆ ತಲೆಯೆತ್ತಿ, ಕ್ರೈಸ್ತರ ಗುಡಿಗೆ ಸುಲ್ತಾನರ ಕಾಲದ ಚೂಪು ಕಮಾನು, ಎಂಥ ಸಂಗಮ ಎಂದು ಹೊಗಳುತ್ತಾರೆ. ನನಗೆ ಮೈ ಉರಿಯುತ್ತದೆ. ಸಂಗಮವೂ ಇಲ್ಲ, ಮಣ್ಣೂ ಇಲ್ಲ. ಚರ್ಚು ಕಟ್ಟಿಸಿದ ಫಾದರ್ ಕೊಟ್ಟ ನಕ್ಷೆಯಲ್ಲಿ ಕಮಾನು ದುಂಡಗಿತ್ತು. ನನ್ನ ಅಪ್ಪ ಗವಂಡಿ. ಬೀದರ ಕೋಟೆಯ ಬಾಗಿಲುಗಳ ದುರಸ್ತಿ ಮಾಡುತ್ತಲೇ ಕಲ್ಲುಕೆಲಸ ಕಲಿತವನು. ಅವನ ಕೈಗೆ ಬೇರೆ ಕಮಾನು ಬರುತ್ತಲೇ ಇರಲಿಲ್ಲ. ಅರ್ಧ ಕಟ್ಟಿದ ಮೇಲೆ ಫಾದರ್ ನೋಡಿ, ನಕ್ಕು, ಇರಲಿ ಬಿಡು ಅಂದರು.

ಅದು ಬರದ ವರ್ಷ. ನಮ್ಮೂರು ಮೆಹಕರದಲ್ಲಿ ಬಾವಿಗಳು ಬತ್ತಿ ಅರ್ಧ ಊರು ಪುಣೆಯ ದಾರಿ ಹಿಡಿದಿತ್ತು. ಅಪ್ಪ, ಅವ್ವ, ನಾನು ಇಲ್ಲಿಗೆ ಬಂದೆವು. ಅಪ್ಪ ಕೆಂಪುಕಲ್ಲು ಕೂಡಿಸುತ್ತಿದ್ದ, ಅವ್ವ ಮತ್ತು ನಾನು ಸುಣ್ಣದ ಗಾರೆ ಹೊರುತ್ತಿದ್ದೆವು. ಗಾರೆಯ ಕಮಾನಿಗೆ ಗೋಣಿತಟ್ಟು ಹೊದಿಸಿ ವಾರಗಟ್ಟಲೆ ನೀರುಣಿಸಬೇಕು. ಇಲ್ಲವಾದರೆ ಕೆಳಗಿನ ಆಸರೆಯ ಕಟ್ಟಿಗೆ ತೆಗೆದ ದಿನ ಎಲ್ಲ ಕುಸಿಯುತ್ತದೆ. ಕುಸಿದರೆ ನಮಗೂ ಪುಣೆಯ ದಾರಿಯೇ.

ಅದಕ್ಕಾಗಿ ಟ್ಯಾಂಕರಿನಿಂದ ತೊಟ್ಟಿ ತುಂಬಿಸುತ್ತಿದ್ದರು. ಕಂಪೌಂಡಿನಾಚೆ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದು, ಕಲ್ಲು ನೀರು ಕುಡಿಯುವುದನ್ನು ನೋಡುತ್ತ ನಿಂತಿರುತ್ತಿದ್ದರು. ಎಷ್ಟು ದಿನ ನಿಂತಾರು? ಒಂದು ಮಧ್ಯಾಹ್ನ ಗೇಟು ಮುರಿದು ನುಗ್ಗಿದರು, ಅವರ ಹಿಂದೆ ಗಂಡಸರು. ಅಪ್ಪ ಗುದ್ದಲಿಯ ಕಾವು ಹಿಡಿದು ತೊಟ್ಟಿಗೆ ಅಡ್ಡ ನಿಂತ. ಮೊದಲು ಬಂದವನ ಭುಜಕ್ಕೆ ಬಾರಿಸಿದ; ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಆಮೇಲೆ ಕಲ್ಲು ತೂರಾಟ, ನಾವೇ ಕೆತ್ತಿ ಗುಡ್ಡೆ ಹಾಕಿದ್ದ ಚೂರುಗಳಿಂದಲೇ. ಒಂದು ಚೂರು ಮೊಣಕಾಲಿಗೆ ಬಡಿದು ಅಪ್ಪ ಕುಸಿದ. ಮುದುಕಿಯೊಬ್ಬಳು ತುಳಿತಕ್ಕೆ ಸಿಕ್ಕಿ ಬಾಯಿಂದ ರಕ್ತ ಸುರಿಸುತ್ತಿದ್ದಳು. ಅವ್ವ ಅವಳನ್ನು ಎಳೆದು ಕೂರಿಸಿ, ತಾನೇ ಹೋಗಿ ತೊಟ್ಟಿಯ ನಲ್ಲಿ ತಿರುಗಿಸಿದಳು.

"ಪಾಳಿ ಹಚ್ರಿ. ಎಲ್ಲಾರಿಗೂ ಸಿಗ್ತದ," ಅಂದಳು.

ಸಂಜೆಗೆ ತೊಟ್ಟಿ ಖಾಲಿ. ಫಾದರ್ ಅವಳನ್ನು ಬೈಯಲಿಲ್ಲ. ಅಪ್ಪ ಮಾತ್ರ ಕುಂಟುತ್ತ ಬಂದು, ತುರುಬು ಹಿಡಿದು, ಗಾರೆ ಮೆತ್ತುವ ಥಾಪಿಯ ಹಿಡಿಯಿಂದ ಅವಳ ಬೆನ್ನಿಗೆ, ಕಪಾಳಕ್ಕೆ ಹೊಡೆದ.

"ನನ್ನ ಕಮಾನ ಕೊಂದಿ. ಅದು ಬಿದ್ರ ನಿನ್ನ ಅದರ ಬುಡಕ ಹೂಳ್ತೇನಿ."

ನಾನು ಅವನ ಕೈ ಕಚ್ಚಿದೆ, ನನಗೂ ಬಿತ್ತು. ಆ ಕ್ಷಣ ಅವನು ಸತ್ತೇ ಹೋಗಲಿ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಗಲಾಟೆಗೆ ಹೆದರಿ ಮರುದಿನದಿಂದ ಟ್ಯಾಂಕರ್ ಬರಲಿಲ್ಲ. ಗೋಣಿತಟ್ಟು ಬಿಸಿಲಿಗೆ ಒಣಗಿ ಗಡುಸಾಯಿತು.

ಕಟ್ಟಿಗೆ ತೆಗೆಯುವಾಗ ಕಮಾನು ಕಟ್ಟಿದವನೇ ಅದರ ಕೆಳಗೆ ನಿಲ್ಲಬೇಕು. ನಮ್ಮ ಗವಂಡಿಗಳಲ್ಲಿ ಅದು ಪದ್ಧತಿ. ಆ ದಿನ ಬಂತು, ಕೂಲಿಯವರೆಲ್ಲ ಸೇರಿದರು, ಅಪ್ಪ ಇದ್ದಲ್ಲಿಂದ ಕದಲಲಿಲ್ಲ.

"ಮೊಣಕಾಲ ಭಾಳ ನೋಯ್ತದ್ರಿ ಫಾದರ್," ಅಂದ. ಹಿಂದಿನ ದಿನವಷ್ಟೇ ಏಣಿ ಹತ್ತಿ ಇಳಿದಿದ್ದ.

ಅವ್ವ ತಲೆಯ ಮೇಲಿನ ಗಾರೆಯ ಬುಟ್ಟಿ ಇಳಿಸಿ, ಹೋಗಿ ಕಮಾನಿನ ನಡುವೆ ನಿಂತಳು.

"ಬ್ಯಾಡವಾ, ಈಚಿಗಿ ಬಾ," ಎಂದರು ಫಾದರ್.

"ನೀರ ಕೊಟ್ಟಾಕಿ ನಾ ಅಲ್ಲೇನ್ರಿ? ನಾನೇ ನಿಲ್ತೇನಿ. ತಗೀರಿ."

ನಾನು ಓಡಿದೆ, ಯಾರೋ ರಟ್ಟೆ ಹಿಡಿದು ನಿಲ್ಲಿಸಿದರು. ಕಟ್ಟಿಗೆ ಕಳಚಿತು. ಮೇಲೆ ಏನೋ ನರಳಿತು, ಧೂಳು ಸುರಿಯಿತು, ಗಾರೆಯ ಹೆಂಟೆಯೊಂದು ಬಿದ್ದು ಅವ್ವನ ಹಣೆ ಸೀಳಿತು. ತುದಿಯಿಂದ ಒಂದು ಬಿರುಕು ಸರ್ರನೆ ಕೆಳಗಿಳಿದು, ಮೊಳದುದ್ದ ಬಂದು, ನಿಂತಿತು. ಕಮಾನೂ ನಿಂತಿತು.

ಅಪ್ಪ ಮೊಣಕಾಲು ಮರೆತು ಓಡಿ ಬಂದ. "ನೋಡ್ರಿ, ಇದು ನನ್ನ ಕೈ," ಎಂದು ಎಲ್ಲರಿಗೂ ಅಂಗೈ ತೋರಿಸಿದ. ಅವ್ವ ಹೊರಬಂದಳು. ರಕ್ತ ಹುಬ್ಬಿನಿಂದ ಇಳಿಯುತ್ತಿತ್ತು. ಬುಟ್ಟಿಗೆ ಕೈ ಹಾಕಿ, ಗಾರೆ ಮೆತ್ತಿದ ಅಂಗೈಯನ್ನು ಅಷ್ಟು ಜನರ ಎದುರು ಅವನ ಕೆನ್ನೆಗೆ ಬಾರಿಸಿದಳು. ಯಾವತ್ತೂ ಅವನಿಗೆ ರೀ ಅನ್ನದೆ ಮಾತಾಡಿದವಳಲ್ಲ.

"ಥಾಪಿ ತಗೋ," ಅಂದಳು. "ಬಿರುಕ ಮುಚ್ಚು."

ಕೆನ್ನೆಯ ಮೇಲೆ ಐದು ಬಿಳಿ ಬೆರಳು ಹೊತ್ತು ಅಪ್ಪ ಏಣಿ ಹತ್ತಿದ. ಅವ್ವ ಕೆಳಗಿನಿಂದ ಗಾರೆ ಕೊಟ್ಟಳು.